ಗಣಿ ಮುಚ್ಚಿತು, ರೈಲು ಹೊರಟಿತು, ಮನಸ್ಸಿನ ಕಥೆ ಏನು?

ಒಂದು ಪ್ರಶ್ನೆ ಕೇಳ್ತೀನಿ ವೀಕ್ಷಕರೇ. ಜ್ವರ ಬಂದ್ರೆ ಡಾಕ್ಟರ್ ಹತ್ರ ಹೋಗ್ತೀರಿ. ಹಲ್ಲು ನೋವು ಬಂದ್ರೂ ಹೋಗ್ತೀರಿ. ಮೊಬೈಲ್ ಸ್ಕ್ರೀನ್ ಒಡೆದ್ರೆ ಅವತ್ತೇ ಸಂಜೆ ಅಂಗಡಿಗೆ ಓಡ್ತೀರಿ. ಆದ್ರೆ ಎರಡು ವಾರದಿಂದ ಸರಿಯಾಗಿ ನಿದ್ದೆ ಇಲ್ಲ, ಮನೆಗೆ ಕಾಲಿಟ್ಟ ತಕ್ಷಣ ಹೆಂಡತಿ ಮಕ್ಕಳ ಮೇಲೆ ರೇಗಾಟ, ಭಾನುವಾರ ಸಂಜೆ ಆದ್ರೆ ಸಾಕು ಎದೆ ಮೇಲೆ ಕಲ್ಲು ಇಟ್ಟ ಹಾಗೆ. ಆಗ ಎಲ್ಲಿಗೆ ಹೋಗ್ತೀರಿ? ನಮ್ಮಲ್ಲಿ ಬಹಳಷ್ಟು ಜನ ಎಲ್ಲಿಗೂ ಹೋಗಲ್ಲ. ಕೆಲವರು ಬಾರಿಗೆ ಹೋಗ್ತಾರೆ.

ಇಂಥ ಮಾತು ಬಂದಾಗ ನಮ್ಮ ಮನೆಗಳಲ್ಲಿ ಸಿಗೋ ಉತ್ತರ ಎರಡೇ. ಒಂದು, "ಅಯ್ಯೋ, ಎಲ್ಲ ಸರಿ ಹೋಗುತ್ತೆ ಬಿಡಪ್ಪ." ಇನ್ನೊಂದು, "ನಿಮ್ಹಾನ್ಸ್‌ಗೆ ಸೇರಿಸ್ಬೇಕು ನಿನ್ನ." ಇವೆರಡರ ಮಧ್ಯೆ ಏನೂ ಇಲ್ವಾ? ಇದೆ. ಆ ಮಧ್ಯದ ದಾರಿ ಬಗ್ಗೆನೇ ಇವತ್ತಿನ ಮಾತು. ಫೋನ್‌ನಲ್ಲಿ ಅಥವಾ ವಿಡಿಯೋ ಕಾಲ್‌ನಲ್ಲಿ ಸಿಗುವ, ಕೆಲವೇ ಭೇಟಿಗಳಲ್ಲಿ ಮುಗಿಯುವ, ಪರಿಹಾರದ ಕಡೆಗೆ ಮುಖ ಮಾಡಿದ ಆಪ್ತಸಮಾಲೋಚನೆ. ಹೆಸರು ಉದ್ದ, ವಿಷಯ ಸರಳ.

ಇದು ಬೆಂಗಳೂರಿನ ಐಟಿ ಕಂಪನಿಯವರ ವಿಷಯ ಅಂತ ಚಾನೆಲ್ ಬದಲಾಯಿಸಬೇಡಿ. ಇದನ್ನ ಅರ್ಥ ಮಾಡಿಕೊಳ್ಳೋಕೆ ನಾವು ಹೋಗಬೇಕಾದ ಊರು ಉರಿಗಾಂ. ಹೌದು, ಕೋಲಾರದ ಚಿನ್ನದ ಗಣಿ ಇದ್ದ ಕೆಜಿಎಫ್‌ನ ಉರಿಗಾಂ.

ಒಳಗೆ ತಂದ ಹಳಿ, ಹೊರಗೆ ಒಯ್ಯುವ ರೈಲು

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಬಂತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂತು. ಬೆಂಗಳೂರಿನ ಬೀದಿಗಳಿಗಿಂತ ಮೊದಲೇ ಇಲ್ಲಿ ವಿದ್ಯುತ್ ದೀಪ ಉರೀತು. ಚಾಂಪಿಯನ್ ರೀಫ್‌ನಲ್ಲಿ ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಜನ ಇಳಿದು ಕೆಲಸ ಮಾಡಿದ್ರು. ಆಮೇಲೆ ಗಣಿ ಸರ್ಕಾರದ ಕೈಗೆ ಬಂತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯ್ತು. 2001ರ ಫೆಬ್ರವರಿ 28ರಂದು ಬೀಗ ಬಿತ್ತು. 120 ವರ್ಷದ ಗಣಿಗಾರಿಕೆ ಅಲ್ಲಿಗೆ ಮುಗೀತು.

ಗಣಿ ಅಂದ್ರೆ ಅಲ್ಲಿ ಬರೀ ಸಂಬಳ ಆಗಿರಲಿಲ್ಲ. ಮನೆ ಗಣಿಯದು, ಆಸ್ಪತ್ರೆ ಗಣಿಯದು, ನೀರು ಗಣಿಯದು, ಆಟದ ಮೈದಾನ ಗಣಿಯದು. ಇಡೀ ಬದುಕಿಗೆ ಒಂದೇ ವಿಳಾಸ. ಅದೇ ಹೋದಾಗ ಜನ ಏನು ಮಾಡಿದ್ರು? ರೈಲು ಹತ್ತಿದ್ರು.

ಬಂಗಾರಪೇಟೆಯಿಂದ ಮರಿಕುಪ್ಪಂಗೆ ಹೋಗುವ ಹಳಿ 1894ರಲ್ಲಿ ಆದದ್ದು. ಬಂಗಾರಪೇಟೆಗೆ ಆಗ ಬೌರಿಂಗ್‌ಪೇಟೆ ಅಂತ ಹೆಸರು. ಗಣಿಗೆ ಸಾಮಾನು, ಜನ ತರೋಕೆ ಹಾಕಿದ ಹಳಿ ಅದು. ಇವತ್ತು ಅದೇ ಹಳಿ ಮೇಲೆ ಮರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲ್, ಬೆಮೆಲ್ ನಗರ, ಬಂಗಾರಪೇಟೆ ಅಂತ ಒಂದೊಂದೇ ಸ್ಟೇಷನ್ನಿನಲ್ಲಿ ಜನ ತುಂಬಿಕೊಂಡು ರೈಲು ಬೆಂಗಳೂರಿಗೆ ಹೊರಡುತ್ತೆ. ಸೆಕ್ಯೂರಿಟಿ ಕೆಲಸದವರು, ಗಾರ್ಮೆಂಟ್ಸ್‌ನವರು, ಅಂಗಡಿ ಲೆಕ್ಕ ಬರೆಯೋರು, ನರ್ಸ್‌ಗಳು, ಕಾಲೇಜು ಮಕ್ಕಳು.

ಲೆಕ್ಕ ಹಾಕಿ ನೋಡಿ. ಹೋಗೋಕೆ ಹೆಚ್ಚುಕಮ್ಮಿ ಎರಡು ಗಂಟೆ, ಬರೋಕೆ ಎರಡು ಗಂಟೆ. ದಿನಕ್ಕೆ ನಾಲ್ಕು. ವಾರಕ್ಕೆ ಆರು ದಿನ ಅಂದ್ರೆ 24 ಗಂಟೆ. ಅಂದ್ರೆ ವಾರದಲ್ಲಿ ಒಂದು ಇಡೀ ದಿನ ಇವರ ಬದುಕು ರೈಲಿನಲ್ಲೇ ಕಳೆಯುತ್ತೆ! ಕತ್ತಲಲ್ಲಿ ಮನೆ ಬಿಡೋದು, ಕತ್ತಲಲ್ಲಿ ಮನೆ ಸೇರೋದು. ಮನೆಯಲ್ಲಿ ಗಣಿ ಧೂಳು ಕುಡಿದ ವಯಸ್ಸಾದ ಅಪ್ಪ, ಪಿಯುಸಿ ಮುಗಿಸಿದ ಮಗಳ ಓದಿನ ಚಿಂತೆ, ಇರೋ ಮನೆ ನಮ್ಮ ಹೆಸರಿಗೆ ಆಗುತ್ತೋ ಇಲ್ವೋ ಅನ್ನೋ ಚಿಂತೆ.

ಇವರಿಗೆ ಹುಚ್ಚಾ? ಖಂಡಿತ ಇಲ್ಲ. ಕಾಯಿಲೆನಾ? ಎಷ್ಟೋ ಜನರಿಗೆ ಅದೂ ಇಲ್ಲ. ಇದು ದಿನನಿತ್ಯದ ಒತ್ತಡ. ಕೆಲಸ ಹೋಯ್ತು, ಕೆಲಸ ಬದಲಾಯ್ತು, ಮಗಳ ಮದುವೆ ಆಯ್ತು, ಗಂಡ ತೀರಿಕೊಂಡ್ರು, ರಿಟೈರ್ ಆದ್ರು. ಬದುಕು ಒಂದು ತಿರುವು ತಗೊಂಡಾಗ ಮನಸ್ಸಿಗೆ ಆಗೋ ಸುಸ್ತು. ಈ ಸುಸ್ತಿಗೆ ವರ್ಷಗಟ್ಟಲೆ ಚಿಕಿತ್ಸೆ ಬೇಕಾಗಿಲ್ಲ. ಹಾಗಂತ ಯಾರೂ ಕೇಳದೇ ಬಿಟ್ಟರೆ ಅದೇ ಮುಂದೆ ಕಾಯಿಲೆ ಆಗಬಹುದು, ಕುಡಿತ ಆಗಬಹುದು, ಮನೆ ಮುರಿಯಬಹುದು.

ಮಿಲ್ವಾಕಿಯಲ್ಲಿ ಕೇಳಿದ ಪ್ರಶ್ನೆಗಳು

ಈಗ ಸ್ವಲ್ಪ ದೂರ ಹೋಗೋಣ. ಅಮೆರಿಕದ ಮಿಲ್ವಾಕಿ ನಗರ, 1970ರ ದಶಕದ ಕೊನೆ. ಸ್ಟೀವ್ ಡಿ ಶೇಜರ್ ಮತ್ತು ಕೊರಿಯಾ ಮೂಲದ ಇನ್ಸೂ ಕಿಮ್ ಬರ್ಗ್ ಅನ್ನೋ ದಂಪತಿ. ಇಬ್ಬರೂ ಕುಟುಂಬಗಳಿಗೆ ಸಮಾಲೋಚನೆ ಕೊಡ್ತಿದ್ರು. ಆವರೆಗೆ ನಡೆದುಕೊಂಡು ಬಂದಿದ್ದ ಪದ್ಧತಿ ಏನು? ಸಮಸ್ಯೆಯ ಬೇರು ಹುಡುಕಬೇಕು, ಬಾಲ್ಯಕ್ಕೆ ಹೋಗಬೇಕು, ತಿಂಗಳುಗಟ್ಟಲೆ ಅಗೆಯಬೇಕು. ಇವರು ಮತ್ತು ಇವರ ತಂಡ ಕನ್ನಡಿಯ ಹಿಂದೆ ಕೂತು ನೂರಾರು ಮಾತುಕತೆ ಗಮನಿಸಿದ್ರು. ಯಾವ ಪ್ರಶ್ನೆ ಕೇಳಿದಾಗ ಜನ ನಿಜವಾಗಲೂ ಸುಧಾರಿಸ್ತಾರೆ ಅಂತ ನೋಡಿದ್ರು.

ಅವರು ಕಂಡುಕೊಂಡದ್ದು ಇಷ್ಟು. ಸಮಸ್ಯೆ ಎಷ್ಟೇ ದೊಡ್ಡದಿರಲಿ, ಅದು ದಿನದ 24 ಗಂಟೆಯೂ ಒಂದೇ ಥರ ಇರಲ್ಲ. ಕೆಲವು ಹೊತ್ತು ಅದು ಇರಲ್ಲ, ಇಲ್ಲಾ ಕಡಿಮೆ ಇರುತ್ತೆ. ಆ ಹೊತ್ತಿನಲ್ಲಿ ಆ ಮನುಷ್ಯ ಏನೋ ಒಂದು ಬೇರೆ ಥರ ಮಾಡ್ತಿರ್ತಾನೆ. ಅವನಿಗೇ ಅದು ಗೊತ್ತಿರಲ್ಲ. ಅದನ್ನ ಹುಡುಕಿ ಕೊಡಿ, ಇನ್ನಷ್ಟು ಮಾಡಿಸಿ. ಪರಿಹಾರ ಕೇಂದ್ರಿತ ಅಲ್ಪಾವಧಿ ಚಿಕಿತ್ಸೆಯ ತಿರುಳು ಇಷ್ಟೇ.

ಇದು ಹೇಗೆ ನಡೆಯುತ್ತೆ ಅಂತ ತೋರಿಸೋಕೆ ಒಂದು ಉದಾಹರಣೆ ಕಟ್ಟಿ ಹೇಳ್ತೀನಿ. ಯಾರದೋ ನಿಜ ಕಥೆ ಅಂದ್ಕೋಬೇಡಿ. ಉರಿಗಾಂನ ಒಬ್ಬರು, ವಯಸ್ಸು ನಲವತ್ತು, ಬೆಂಗಳೂರಿನ ಅಂಗಡಿಯೊಂದರಲ್ಲಿ ಲೆಕ್ಕ ಬರೀತಾರೆ. ಸಮಾಲೋಚಕಿಗೆ ಫೋನ್ ಮಾಡಿದಾರೆ.

"ಮೇಡಂ, ಮನೆಗೆ ಹೋದ ತಕ್ಷಣ ಎಲ್ಲರ ಮೇಲೂ ಕೂಗಾಡ್ತೀನಿ. ಮಗಳು ನನ್ನ ಹತ್ರ ಮಾತೇ ಬಿಟ್ಟಿದಾಳೆ."

"ಸರ್, ಸೊನ್ನೆಯಿಂದ ಹತ್ತರವರೆಗೆ ಒಂದು ಅಳತೆಪಟ್ಟಿ ಅಂದ್ಕೊಳ್ಳಿ. ಸೊನ್ನೆ ಅಂದ್ರೆ ಪರಿಸ್ಥಿತಿ ತುಂಬಾ ಕೆಟ್ಟಿದೆ. ಹತ್ತು ಅಂದ್ರೆ ನಿಮಗೆ ಬೇಕಾದ ಹಾಗಿದೆ. ಇವತ್ತು ಎಷ್ಟರಲ್ಲಿದೀರಿ?"

"ಮೂರು ಅನ್ಬಹುದು ಮೇಡಂ."

"ಸೊನ್ನೆ ಅನ್ನಲಿಲ್ಲ, ಮೂರು ಅಂದ್ರಿ. ಆ ಮೂರು ಎಲ್ಲಿಂದ ಬಂತು ಸರ್?"

ಈ ಪ್ರಶ್ನೆ ಗಮನಿಸಿ ವೀಕ್ಷಕರೇ. "ಯಾಕೆ ಹತ್ತು ಇಲ್ಲ" ಅಂತ ಕೇಳಲಿಲ್ಲ. "ಯಾಕೆ ಸೊನ್ನೆ ಆಗಿಲ್ಲ" ಅಂತ ಕೇಳಿದ್ರು. ಆತ ಯೋಚಿಸ್ತಾರೆ. "ಕೆಲಸಕ್ಕೆ ರಜಾ ಹಾಕಿಲ್ಲ ಮೇಡಂ. ಕುಡಿತ ಹತ್ತಿಸ್ಕೊಂಡಿಲ್ಲ. ಅಪ್ಪನ ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ."

"ಕೂಗಾಡದೇ ಇದ್ದ ದಿನ ಯಾವುದಾದ್ರೂ ಇತ್ತಾ, ಈ ವಾರದಲ್ಲಿ?"

"ಗುರುವಾರ ಇರಲಿಲ್ಲ. ಅವತ್ತು ರೈಲಲ್ಲಿ ಸೀಟ್ ಸಿಕ್ತು, ಸ್ವಲ್ಪ ಕಣ್ಣು ಮುಚ್ಚಿದೆ. ಸ್ಟೇಷನ್ ಹತ್ರ ಸ್ನೇಹಿತನ ಜೊತೆ ಟೀ ಕುಡಿದು, ನಡ್ಕೊಂಡು ಮನೆಗೆ ಹೋದೆ."

ಸಿಕ್ತು ನೋಡಿ! ಸೀಟು ಸಿಗೋದು ಅವರ ಕೈಯಲ್ಲಿಲ್ಲ. ಟೀ ಕುಡಿದು, ಹತ್ತು ನಿಮಿಷ ನಡೆದು ಮನೆಗೆ ಹೋಗೋದು ಅವರ ಕೈಯಲ್ಲಿದೆ. ಮುಂದಿನ ಪ್ರಶ್ನೆ, "ಮೂರು ಇದ್ದದ್ದು ನಾಲ್ಕು ಆಗ್ಬೇಕು ಅಂದ್ರೆ ಈ ವಾರ ಏನು ಮಾಡ್ತೀರಿ?" ಹತ್ತಕ್ಕೆ ಹೇಗೆ ಹಾರೋದು ಅಂತ ಯಾರೂ ಕೇಳಲ್ಲ. ಆತನೇ ಹೇಳ್ತಾರೆ, "ವಾರಕ್ಕೆ ಮೂರು ದಿನ ಹಾಗೆ ನಡ್ಕೊಂಡು ಹೋಗ್ತೀನಿ. ಮಗಳಿಗೆ ಮೊದಲು 'ಊಟ ಆಯ್ತಾ ಕಂದ' ಅಂತ ಕೇಳ್ತೀನಿ. ಬಾಕಿದ್ದೆಲ್ಲ ಆಮೇಲೆ." ಮುಂದಿನ ವಾರ ಫೋನ್ ಬಂದಾಗ ಮೊದಲ ಪ್ರಶ್ನೆ, "ಹೋದ ಸಲದಿಂದ ಈಚೆಗೆ ಏನು ಉತ್ತಮ ಆಗಿದೆ?"

ಇದರಲ್ಲೇ ಇನ್ನೊಂದು ಹೆಸರಾದ ಪ್ರಶ್ನೆ ಇದೆ, ಪವಾಡದ ಪ್ರಶ್ನೆ ಅಂತಾರೆ. ನೀವು ರಾತ್ರಿ ಮಲಗಿದಾಗ ಪವಾಡ ನಡೆದು ಸಮಸ್ಯೆ ಮಾಯ ಆಗಿದೆ, ಆದ್ರೆ ನಿದ್ದೇಲಿದ್ದ ನಿಮಗೆ ಅದು ಗೊತ್ತಿಲ್ಲ. ಬೆಳಗ್ಗೆ ಎದ್ದಾಗ ಯಾವ ಸಣ್ಣ ಬದಲಾವಣೆ ನೋಡಿ ನಿಮಗೆ ಗೊತ್ತಾಗುತ್ತೆ? ಮೊದಲು ಲಾಟರಿ ಹೊಡೀತು ಅನ್ನೋ ಉತ್ತರ ಬರಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿದ್ರೆ "ಹೆಂಡತಿ ಕಾಫಿ ಕೊಡುವಾಗ ನಾನು ಮುಖ ನೋಡಿ ಮಾತಾಡ್ತಿರ್ತೀನಿ" ಅನ್ನೋ ಉತ್ತರ ಬರುತ್ತೆ. ಅದು ನಾಳೆ ಬೆಳಗ್ಗೆನೇ ಮಾಡಬಹುದಾದ ಕೆಲಸ.

ಎಷ್ಟು ಸಲ ಮಾತಾಡ್ಬೇಕು? ಸಾಮಾನ್ಯವಾಗಿ ಮೂರರಿಂದ ಎಂಟು ಭೇಟಿ. ಕೆಲವರಿಗೆ ಒಂದೇ ಸಾಕು. ಇದೆಲ್ಲ ಬರೀ ಮಾತಿನ ಮಂಟಪನಾ ಅಂತ ನಿಮಗೆ ಅನ್ನಿಸಬಹುದು. 2013ರಲ್ಲಿ ಪ್ರಕಟವಾದ ಒಂದು ವಿಮರ್ಶೆ 43 ಅಧ್ಯಯನಗಳನ್ನ ಒಟ್ಟಿಗೆ ನೋಡ್ತು. ಅದರಲ್ಲಿ 32 ಅಧ್ಯಯನಗಳಲ್ಲಿ ಸ್ಪಷ್ಟ ಲಾಭ ಕಂಡಿತ್ತು. ಎಲ್ಲದರಲ್ಲೂ ಕಂಡಿರಲಿಲ್ಲ, ಅದನ್ನೂ ಹೇಳ್ಬೇಕು. ಇದು ಸರ್ವರೋಗಕ್ಕೂ ಮದ್ದಲ್ಲ. ದಿನನಿತ್ಯದ ಒತ್ತಡಕ್ಕೆ, ಬದುಕಿನ ತಿರುವಿಗೆ ಒಪ್ಪುವ ಒಂದು ಸಾಧನ.

14416: ಯಾರು ಎತ್ತುತ್ತಾರೆ?

ಸರಿ, ಉರಿಗಾಂನಲ್ಲಿ ಕೂತವರಿಗೆ ಇಂಥ ಮಾತು ಕೇಳೋರು ಎಲ್ಲಿ ಸಿಗ್ತಾರೆ? ಬೆಂಗಳೂರಿಗೆ ಹೋಗಿ ಕ್ಲಿನಿಕ್‌ನಲ್ಲಿ ಕೂರೋಕೆ ಒಂದು ದಿನದ ಕೂಲಿ ಹೋಗುತ್ತೆ. ಅದಕ್ಕೇ ಫೋನ್ ಮುಖ್ಯ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಕೇಂದ್ರ ಸರ್ಕಾರ ಟೆಲಿಮೆಡಿಸಿನ್‌ಗೆ ಮಾರ್ಗಸೂಚಿ ತಂತು. ನಿಮ್ಹಾನ್ಸ್ ಮಾನಸಿಕ ನೆರವಿಗೆ ಸಹಾಯವಾಣಿ ಶುರು ಮಾಡ್ತು. ಫೋನ್‌ನಲ್ಲೂ ಮನಸ್ಸಿನ ಮಾತು ಆಡಬಹುದು ಅಂತ ದೇಶಕ್ಕೆ ಆಗ ಗೊತ್ತಾಯ್ತು. 2022ರ ಕೇಂದ್ರ ಬಜೆಟ್‌ನಲ್ಲಿ ಘೋಷಣೆ ಆಯ್ತು. ಅದೇ ವರ್ಷ ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಬೆಂಗಳೂರಿನ ನಿಮ್ಹಾನ್ಸ್‌ನಿಂದಲೇ ಟೆಲಿ ಮಾನಸ್ ಶುರುವಾಯ್ತು. ಇಡೀ ದೇಶದ ಈ ವ್ಯವಸ್ಥೆಗೆ ನಿಮ್ಹಾನ್ಸ್ ಪ್ರಮುಖ ಕೇಂದ್ರ. ತಂತ್ರಜ್ಞಾನದ ನೆರವು ಬೆಂಗಳೂರಿನ ಐಐಐಟಿಯದು.

ನಂಬರ್ 14416. ದಿನದ 24 ಗಂಟೆ, ಉಚಿತ. ಕರೆ ಮಾಡಿದ್ರೆ ಮೊದಲು ಭಾಷೆ ಕೇಳುತ್ತೆ. ಕೆಜಿಎಫ್‌ನಂಥ ಊರಿಗೆ ಇದು ಎಷ್ಟು ಮುಖ್ಯ ಗೊತ್ತಾ? ಅಲ್ಲಿ ಬೀದಿಯಲ್ಲಿ ಕನ್ನಡ, ಮನೆಯಲ್ಲಿ ತಮಿಳು, ಪಕ್ಕದ ಮನೆಯಲ್ಲಿ ತೆಲುಗು, ಅದರಾಚೆ ಉರ್ದು. ಕೆಲಸಕ್ಕೆ ಯಾವ ಭಾಷೆಯಾದ್ರೂ ನಡೆಯುತ್ತೆ. ಅಳೋಕೆ ಮಾತ್ರ ಅವರವರ ಮನೆ ಭಾಷೆನೇ ಬೇಕು. ಸುಮಾರು 20 ಭಾಷೆಗಳಲ್ಲಿ ಸೇವೆ ಇದೆ.

ಮೊದಲ ಹಂತದಲ್ಲಿ ತರಬೇತಿ ಪಡೆದ ಸಮಾಲೋಚಕರು ಮಾತಾಡ್ತಾರೆ. ಅವರ ಕೈಮೀರಿದ್ದು ಅಂತ ಕಂಡ್ರೆ ಎರಡನೇ ಹಂತದಲ್ಲಿ ಮನೋವೈದ್ಯರು, ಮನಶ್ಶಾಸ್ತ್ರಜ್ಞರಿಗೆ ದಾಟಿಸ್ತಾರೆ, ಇಲ್ಲಾ ಹತ್ತಿರದ ಆಸ್ಪತ್ರೆಗೆ ದಾರಿ ತೋರಿಸ್ತಾರೆ. 2024ರ ಅಕ್ಟೋಬರ್‌ನಲ್ಲಿ ಆಪ್ ಕೂಡ ಬಂತು. ವಿಡಿಯೋ ಸಮಾಲೋಚನೆ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2025ರ ಹೊತ್ತಿಗೆ ದೇಶದಾದ್ಯಂತ 20 ಲಕ್ಷಕ್ಕೂ ಹೆಚ್ಚು ಕರೆಗಳು ಬಂದಿದಾವೆ. ಹಾಗಾಗಿ "ನಾನೊಬ್ಬನೇ ಹೀಗಾ" ಅಂತ ಕೇಳೋರಿಗೆ ಉತ್ತರ ಆ ಸಂಖ್ಯೆಯಲ್ಲೇ ಇದೆ.

ಒಂದು ಸ್ಪಷ್ಟನೆ. ಟೆಲಿ ಮಾನಸ್‌ನವರು ಮಿಲ್ವಾಕಿ ಪದ್ಧತಿಯಲ್ಲೇ ಮಾತಾಡ್ತಾರೆ ಅಂತ ನಾನು ಹೇಳ್ತಿಲ್ಲ. ಕರೆಯ ಸ್ವರೂಪ ನೋಡಿ ಅವರು ನೆರವಾಗ್ತಾರೆ. ಪ್ರತಿ ಸಲ ಅದೇ ವ್ಯಕ್ತಿ ಸಿಗಬೇಕು, ವಾರ ವಾರ ಮುಂದುವರಿಸಬೇಕು ಅನ್ನೋರು ಖಾಸಗಿಯಾಗಿ ಆನ್‌ಲೈನ್ ಸಮಾಲೋಚಕರನ್ನ ಹುಡುಕ್ತಾರೆ. ಅಲ್ಲಿ ಎಚ್ಚರ ಬೇಕು ಸ್ವಾಮಿ. ಬೋರ್ಡು ಹಾಕಿದವರೆಲ್ಲ ಕೌನ್ಸೆಲರ್‌ಗಳಲ್ಲ.

ದುಡ್ಡು ಕಟ್ಟೋ ಮೊದಲು ಕೇಳಿ. ನೀವು ಏನು ಓದಿದೀರಿ? ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಂಡ್ರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಒಂದು ಭೇಟಿಗೆ ಎಷ್ಟು, ಎಷ್ಟು ಭೇಟಿ ಬೇಕಾಗಬಹುದು ಅಂತ ಕೇಳಿ. ನನ್ನ ಮಾತು ರೆಕಾರ್ಡ್ ಆಗುತ್ತಾ, ಯಾರು ನೋಡ್ತಾರೆ ಅಂತ ಕೇಳಿ. ಈ ಪ್ರಶ್ನೆಗೆ ಸಿಟ್ಟಾಗೋರ ಹತ್ರ ಹೋಗ್ಬೇಡಿ. "ಮೂರು ದಿನದಲ್ಲಿ ಗ್ಯಾರಂಟಿ" ಅನ್ನೋರ ಹತ್ರ ಮೊದಲೇ ಹೋಗ್ಬೇಡಿ. ಮಾತ್ರೆ ಬರೆಯೋ ಅಧಿಕಾರ ಇರೋದು ಡಾಕ್ಟರಿಗೆ ಮಾತ್ರ.

ಇನ್ನೊಂದು ಸಣ್ಣ ವಿಷಯ, ಆದ್ರೆ ದೊಡ್ಡ ತೊಂದರೆ. ಎಲ್ಲಿ ಕೂತು ಮಾತಾಡೋದು? ಗಣಿ ಲೈನ್ ಮನೆಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಗೋಡೆಗೆ ಗೋಡೆ ಅಂಟಿದೆ. ಈ ಮನೇಲಿ ಕೆಮ್ಮಿದ್ರೆ ಆ ಮನೇಲಿ ಕೇಳುತ್ತೆ. ರೈಲಲ್ಲಂತೂ ಆಗಲ್ಲ, ಗಲಾಟೆ, ಮೇಲಾಗಿ ಪಕ್ಕದಲ್ಲಿ ಕೂತೋರೆಲ್ಲ ಪರಿಚಯದವರೇ. ಹಾಗಾಗಿ ಭಾನುವಾರ ಜನ ಕಡಿಮೆ ಇರೋ ಹೊತ್ತಲ್ಲಿ ಮೈದಾನದ ಕಡೆ ನಡ್ಕೊಂಡು ಹೋಗಿ ಇಯರ್‌ಫೋನ್ ಹಾಕಿ ಮಾತಾಡಿ. ವಿಡಿಯೋ ಬೇಡ, ಧ್ವನಿ ಸಾಕು. ಕರೆ ಶುರುವಲ್ಲೇ ಹೇಳಿ, "ಅಕ್ಕಪಕ್ಕ ಜನ ಬಂದ್ರೆ ಬೇರೆ ಮಾತು ಆಡ್ತೀನಿ, ಅರ್ಥ ಮಾಡ್ಕೊಳ್ಳಿ" ಅಂತ. ಹೆಣ್ಣುಮಕ್ಕಳಿಗೆ ಇದು ಇನ್ನೂ ಮುಖ್ಯ.

ಫೋನ್ ಸಾಲದು ಅನ್ನೋ ಹೊತ್ತು

ಇಲ್ಲಿಂದ ಮುಂದೆ ಸ್ವಲ್ಪ ಗಮನ ಕೊಟ್ಟು ಓದಿ. ಅಲ್ಪಾವಧಿ ಸಮಾಲೋಚನೆ ಎಲ್ಲಿ ಸಾಲದು ಅಂತ ತಿಳಿಯದೇ ಹೋದ್ರೆ ಅನಾಹುತ ಆಗುತ್ತೆ.

ಸಾಯ್ಬೇಕು ಅನ್ನೋ ಯೋಚನೆ ಬರ್ತಿದ್ರೆ, ಅದು ಒತ್ತಡದ ಮಾತಲ್ಲ, ತುರ್ತು ಸ್ಥಿತಿ. 14416ಕ್ಕೆ ಕೂಡಲೇ ಕರೆ ಮಾಡಿ, ಆ ವ್ಯಕ್ತಿಯನ್ನ ಒಬ್ಬರೇ ಬಿಡಬೇಡಿ, ಅಪಾಯ ಕಂಡ್ರೆ 108 ಅಥವಾ 112. ಯಾರೂ ಇಲ್ಲದ ಕಡೆ ಧ್ವನಿ ಕೇಳಿಸ್ತಿದೆ, ಯಾರೋ ಕೊಲ್ಲೋಕೆ ಬರ್ತಿದಾರೆ ಅಂತಿದಾರೆ, ದಿನಗಟ್ಟಲೆ ನಿದ್ದೆ ಇಲ್ಲದೇ ಓಡಾಡ್ತಿದಾರೆ ಅಂದ್ರೆ ಮನೋವೈದ್ಯರೇ ಬೇಕು. ಎರಡು ವಾರ ದಾಟಿದರೂ ಊಟ ಸೇರ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅಂದ್ರೂ ವೈದ್ಯರನ್ನ ನೋಡಿ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಇದೆ. ರಾಜ್ಯದ ಎಲ್ಲ ಜಿಲ್ಲೆಗಳಲ್ಲೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ಬಳ್ಳಾರಿಯಲ್ಲಿ ನಿಮ್ಹಾನ್ಸ್ 1980ರ ದಶಕದಲ್ಲಿ ಮಾಡಿದ ಪ್ರಯೋಗವೇ ಇಡೀ ದೇಶಕ್ಕೆ ಮಾದರಿ ಆಗಿದ್ದು.

ದಿನಾ ಕುಡಿಯೋರು "ನಾಳೆಯಿಂದ ಬಿಟ್ಟೆ" ಅಂತ ಏಕಾಏಕಿ ನಿಲ್ಲಿಸಿದ್ರೆ ನಡುಕ, ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ ಆಗಬಹುದು. ಡಾಕ್ಟರ್ ಕಣ್ಣಳತೆಯಲ್ಲೇ ಬಿಡಿಸ್ಬೇಕು. ಇನ್ನು ಮನೆಯಲ್ಲಿ ಹೊಡೆತ ತಿನ್ನೋ ಹೆಣ್ಣುಮಗಳಿಗೆ "ನಿಮ್ಮ ಗಂಡ ಹೊಡೆಯದ ದಿನ ನೀವೇನು ಮಾಡಿದ್ರಿ" ಅಂತ ಕೇಳೋದು ಸಮಾಲೋಚನೆ ಅಲ್ಲ, ಅನ್ಯಾಯ. ಹೊಡೆದದ್ದು ಅವನ ತಪ್ಪು. ಆಕೆಗೆ ಬೇಕಾದ್ದು ರಕ್ಷಣೆ. ಮಹಿಳಾ ಸಹಾಯವಾಣಿ 181.

ಕೊನೆಗೆ ಈ ಊರಿನ ದೊಡ್ಡ ಮಾತು. ಉರಿಗಾಂನವರಿಗೆ ಬೇಕಾದ್ದು ಉದ್ಯೋಗ, ಸರಿಯಾದ ಹೊತ್ತಿಗೆ ಬರೋ ರೈಲು, ಗಾಳಿ ಬೀಸಿದಾಗ ಸೈನೈಡ್ ಗುಡ್ಡದ ಧೂಳು ತಟ್ಟೆಗೆ ಬೀಳದ ಮನೆ. ಅದನ್ನ ಕೊಡದ ವ್ಯವಸ್ಥೆ, "ಒತ್ತಡ ಆದ್ರೆ ಕೌನ್ಸೆಲಿಂಗ್ ತಗೊಳ್ಳಿ" ಅಂತ ಒಂದು ನಂಬರ್ ಕೊಟ್ಟು ಕೈ ತೊಳ್ಕೊಂಡ್ರೆ ಅದನ್ನ ಒಪ್ಪೋಕಾಗಲ್ಲ. ಸಹಾಯವಾಣಿ ಕೊಟ್ಟಿದೀವಿ ಅನ್ನೋದು ಉದ್ಯೋಗ ಕೊಟ್ಟಿದೀವಿ ಅನ್ನೋದಕ್ಕೆ ಸಮ ಅಲ್ಲ. ಸರ್ಕಾರವನ್ನ ಕೇಳೋದನ್ನ ಕೇಳ್ತಾನೇ ಇರ್ಬೇಕು.

ಆದ್ರೆ ಉದ್ಯೋಗ ಬರೋವರೆಗೆ, ರೈಲು ಸರಿ ಹೋಗೋವರೆಗೆ ಇವತ್ತಿನ ರಾತ್ರಿ ಅಂತೂ ಇದ್ದೇ ಇದೆಯಲ್ಲ? ಆ ರಾತ್ರಿ ಮನೆಗೆ ಹೋದಾಗ ಮಗಳು ಮಾತಾಡ್ಬೇಕಲ್ಲ? ಕೇಳೋ ಹಕ್ಕಿಗಾಗಿ ಹೋರಾಡೋಕೂ ಮನುಷ್ಯ ಮೊದಲು ನಿಂತ್ಕೊಳ್ಳೋ ಸ್ಥಿತಿಯಲ್ಲಿರ್ಬೇಕು. ನಮ್ಮ ಅಪ್ಪಂದಿರ ಕಾಲದಲ್ಲಿ ಕಷ್ಟ ನುಂಗಿಕೊಳ್ಳೋದೇ ಗಂಡಸ್ತನ ಅಂದ್ಕೊಂಡಿದ್ರು. ಗಣಿಯೊಳಗೆ ಒತ್ತಡ ತಡೆಯಲಾರದೇ ಬಂಡೆ ಸಿಡಿಯೋದು ಏನು ಅಂತ ಕೆಜಿಎಫ್‌ನವರಿಗೆ ಯಾರೂ ಹೇಳಿಕೊಡ್ಬೇಕಾಗಿಲ್ಲ.

ಇವತ್ತು ಒಂದು ಕೆಲಸ ಮಾಡಿ. ನಿಮ್ಮ ಫೋನ್‌ನಲ್ಲಿ 14416 ಅಂತ ಸೇವ್ ಮಾಡ್ಕೊಳ್ಳಿ. ನಿಮಗೆ ಬೇಡದೇ ಇರಬಹುದು. ಬೆಳಗ್ಗೆ ರೈಲಿನಲ್ಲಿ ನಿಮ್ಮ ಪಕ್ಕ ಕೂತು, ಬಂಗಾರಪೇಟೆ ಬಂದ್ರೂ ಒಂದು ಮಾತೂ ಆಡದೇ ಕಿಟಕಿ ಆಚೆ ನೋಡ್ತಿರೋರಿಗೆ ಬೇಕಾಗಬಹುದು. ನಂಬರ್ ಕೊಡೋ ಮೊದಲು ಅವರ ಹೆಗಲ ಮೇಲೆ ಕೈ ಇಟ್ಟು, "ಏನಣ್ಣ, ಯಾಕೋ ಸಪ್ಪಗಿದೀಯ?" ಅಂತ ಕೇಳಿ. ಉತ್ತರ ಕೊಡೋವರೆಗೆ ಕಾಯಿರಿ.